ಕಾರ್ಡು ಬಂತು, ಹಣ ಬರಲಿಲ್ಲ

ನಾಡಕಚೇರಿಯ ಕಿಟಕಿಯ ಮುಂದೆ ಅರ್ಧ ದಿನ ನಿಂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. "ಕಾರ್ಡ್ ಬಂದು ಎಂಟು ತಿಂಗಳಾಯ್ತು ಸಾರ್, ದುಡ್ಡೇ ಬಂದಿಲ್ಲ." ಒಳಗಿನವರು "ಪಿಂಚಣಿಗೆ ಅರ್ಜಿ ಕೊಟ್ಟಿದ್ದೀರಾ?" ಎಂದು ಕೇಳುತ್ತಾರೆ. "ಕೊಟ್ಟಿದ್ದೀನಲ್ಲ ಸಾರ್, ದೊಡ್ಡಾಸ್ಪತ್ರೆಗೆ ಹೋಗಿ ಡಾಕ್ಟರ್‌ಗೆ ತೋರಿಸ್ಕೊಂಡು ಬಂದಿದ್ದೀನಲ್ಲ!" ಎಂಟು ತಿಂಗಳ ಹಣ ಹೋಗಿರುವುದು ಈ ಒಂದು ಉತ್ತರದೊಳಗೆ. ಆಸ್ಪತ್ರೆಗೆ ಕೊಟ್ಟ ಅರ್ಜಿ ಬೇರೆ, ಪಿಂಚಣಿಗೆಂದು ನಾಡಕಚೇರಿಗೆ ಕೊಡಬೇಕಾದ ಅರ್ಜಿ ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ವಿಕಲಚೇತನರ ಸೌಲಭ್ಯಗಳ ವಿಚಾರದಲ್ಲಿ ಮೊದಲು ತಿಳಿಯಬೇಕಾದದ್ದು ಇದನ್ನೇ. ಊನ ಎಷ್ಟಿದೆ ಎಂದು ಅಳೆದು ಬರೆದುಕೊಡುವುದು ವೈದ್ಯರ ಕೆಲಸ. ಹಣ ಮಂಜೂರು ಮಾಡುವುದು ಕಂದಾಯ ಇಲಾಖೆಯ ಕೆಲಸ. ತ್ರಿಚಕ್ರ ವಾಹನ, ವಿದ್ಯಾರ್ಥಿವೇತನದಂಥವನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಒಂದು ಮನೆಯ ಬಾಗಿಲು ತಟ್ಟಿದ ಸದ್ದು ಇನ್ನೊಂದು ಮನೆಗೆ ಕೇಳಿಸುವುದಿಲ್ಲ. ಕೇಳಿಸಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಡು ಕೊಟ್ಟ ಸರ್ಕಾರವೇ ಪಿಂಚಣಿಗೆ ಅರ್ಹರು ಯಾರೆಂದು ನೋಡಿ ಕರೆಯಬಹುದು. ಅಲ್ಲಿಯವರೆಗೆ ನಡೆಯುವ ಕೆಲಸ ನಮ್ಮದು.

ಈಗ ಜಾರಿಯಲ್ಲಿರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಈಗ ಅವು 21. ಕುರುಡು, ಕಿವುಡು, ಕೈಕಾಲಿನ ಊನ ಮಾತ್ರವಲ್ಲ, ಆಟಿಸಂ, ಕಲಿಕೆಯ ನ್ಯೂನತೆ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಆಸಿಡ್ ದಾಳಿಯ ಗಾಯ, ಕುಬ್ಜತೆ ಎಲ್ಲವೂ ಸೇರಿವೆ. ಚಾಮರಾಜನಗರದ ಕಾಡಂಚಿನ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತದ ಕಾಯಿಲೆಯೂ ಇದರಲ್ಲಿದೆ. ಹೊರಗೆ ನೋಡಿದರೆ ಏನೂ ಕಾಣದ ಮೈಯೊಳಗಿನ ತೊಂದರೆಗೂ ಕಾನೂನಿನಲ್ಲಿ ಜಾಗ ಸಿಕ್ಕಿದೆ. ಆದರೆ "ನನ್ನದು ಅಂಗವಿಕಲತೆಯ ಲೆಕ್ಕಕ್ಕೆ ಬರುವುದಿಲ್ಲ" ಎಂದುಕೊಂಡು ಅರ್ಜಿಯನ್ನೇ ಹಾಕದವರು ಈಗಲೂ ಇದ್ದಾರೆ.

ಮೊದಲ ಬಾಗಿಲು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡಿನದು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಬೇಕು. ಮೊಬೈಲ್ ಬಳಸಲು ಬಾರದವರು ಹಣ ತೆತ್ತು ಸೈಬರ್ ಸೆಂಟರ್‌ಗೆ ಓಡುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಯಾರು ಎಂದು ವಿಚಾರಿಸಲಿ. ಪಂಚಾಯಿತಿ ಮಟ್ಟದ ಈ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬಹುಮಟ್ಟಿಗೆ ತಾವೇ ವಿಕಲಚೇತನರು. ಇದೇ ಬಗೆಯ ಕೆಲಸಕ್ಕೆ ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು ಇರುತ್ತಾರೆ. ಸಿಗುವುದು ಸಣ್ಣ ಗೌರವಧನ, ಸುತ್ತುವುದು ಹತ್ತಾರು ಹಳ್ಳಿ. ಯಾವ ದಿನ ಯಾವ ವೈದ್ಯರು ಬರುತ್ತಾರೆ, ಯಾವ ಕಾಗದವಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ ಎಂಬುದು ಇವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಆಧಾರ್, ಫೋಟೊ, ವಿಳಾಸದ ದಾಖಲೆ, ಚಿಕಿತ್ಸೆಯ ಹಳೆಯ ಚೀಟಿಗಳು ಬೇಕಾಗುತ್ತವೆ. ಎಲ್ಲದರಲ್ಲೂ ಹೆಸರು ಒಂದೇ ಆಗಿರಬೇಕು. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕಿನಲ್ಲಿ ಲಕ್ಷ್ಮಿ ಎಂದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಅರ್ಜಿಯನ್ನು ವಾಸವಿರುವ ಜಿಲ್ಲೆಯ ಆಸ್ಪತ್ರೆಗೂ ಕೊಡಬಹುದು, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೂ ಕೊಡಬಹುದು. ಕೊನೆಯ ಮಾತನ್ನು ಬಹಳ ಜನ ಬಲ್ಲವರಲ್ಲ. ವರ್ಷಗಟ್ಟಲೆ ನಿಮ್ಹಾನ್ಸ್‌ಗೆ ಹೋಗಿಬರುತ್ತಿರುವ ಮಗನಿಗೆ, ಅವನ ಫೈಲೇ ಇಲ್ಲದ ಇನ್ನೊಂದು ಆಸ್ಪತ್ರೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ಬೇಕಿಲ್ಲ. ಮಕ್ಕಳ ಪರವಾಗಿ, ತಾವೇ ಅರ್ಜಿ ಹಾಕಲಾರದವರ ಪರವಾಗಿ ಪೋಷಕರು ಹಾಕಬಹುದು.

ಇನ್ನು ಎಲ್ಲರನ್ನೂ ಕಾಡುವ ಶೇಕಡಾವಾರು ಲೆಕ್ಕ. ಶೇ 40 ಮುಟ್ಟಿದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ, 39ಕ್ಕೆ ತೆರೆಯುವುದಿಲ್ಲ. ಕಾರ್ಡಿನ ಬಣ್ಣವೂ ಇದನ್ನೇ ಹೇಳುತ್ತದೆ. ನಲವತ್ತಕ್ಕಿಂತ ಕಡಿಮೆಗೆ ಬಿಳಿ, ನಲವತ್ತರಿಂದ ಎಂಬತ್ತರೊಳಗೆ ಹಳದಿ, ಎಂಬತ್ತಕ್ಕೆ ಮತ್ತು ಮೇಲೆ ನೀಲಿ. ಜೀವನ ಎಷ್ಟು ಕಷ್ಟವಾಗಿದೆ ಎಂಬುದನ್ನು ಈ ಸಂಖ್ಯೆ ಅಳೆಯುವುದಿಲ್ಲ. ದೇಹದ ಒಂದು ಭಾಗ ಎಷ್ಟು ಕೆಲಸ ಮಾಡುತ್ತಿಲ್ಲ ಎಂಬುದನ್ನು ಕೇಂದ್ರ ಸರ್ಕಾರದ ಮಾರ್ಗಸೂಚಿಯ ಕೋಷ್ಟಕದಂತೆ ಅಳೆಯುತ್ತದೆ, ಅಷ್ಟೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇ 30. ಕಿವಿಗಳಲ್ಲಿ ಚೆನ್ನಾಗಿ ಕೇಳುವ ಕಿವಿಗೆ ಐದು ಪಾಲು ತೂಕ, ಇನ್ನೊಂದಕ್ಕೆ ಒಂದು ಪಾಲು. ಹಾಗಾಗಿ ಒಂದು ಕಿವಿ ಪೂರ್ತಿ ಕೇಳದಿದ್ದರೂ ಸಿಗುವುದು ಶೇ 17ರ ಆಸುಪಾಸು. ಒಂದು ಕಣ್ಣಿಲ್ಲದ ಗಾರೆ ಕೆಲಸದವನಿಗೆ ಸಾರ್ವೆ ಹತ್ತುವಾಗ ಆಳದ ಅಂದಾಜು ಸಿಗುವುದಿಲ್ಲ, ಮೇಸ್ತ್ರಿ ಅವನನ್ನು ಕರೆಯುವುದೂ ಇಲ್ಲ. ಕೋಷ್ಟಕಕ್ಕೆ ಅದು ಗೊತ್ತಿಲ್ಲ.

ಎರಡು ಊನಗಳಿದ್ದರೆ ಏನು ಮಾಡುತ್ತಾರೆ? ಕೂಡುತ್ತಾರೆ ಎಂದುಕೊಳ್ಳುತ್ತೇವೆ, ಹಾಗಲ್ಲ. ಹೆಚ್ಚಿನದನ್ನು ಮೊದಲು ಇಟ್ಟುಕೊಳ್ಳುತ್ತಾರೆ. ತೊಂಬತ್ತರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಎರಡನೆಯ ಸಂಖ್ಯೆಯಿಂದ ಗುಣಿಸಿ, ತೊಂಬತ್ತರಿಂದ ಭಾಗಿಸಿ, ಬಂದದ್ದನ್ನು ಮೊದಲಿನದಕ್ಕೆ ಸೇರಿಸುತ್ತಾರೆ. ಕೈಗೆ 30, ಕಿವಿಗೆ 20 ಎಂದಿಟ್ಟುಕೊಳ್ಳಿ. ತೊಂಬತ್ತರಲ್ಲಿ ಮೂವತ್ತು ಹೋದರೆ ಅರವತ್ತು. ಅದನ್ನು ಇಪ್ಪತ್ತರಿಂದ ಗುಣಿಸಿ ತೊಂಬತ್ತರಿಂದ ಭಾಗಿಸಿದರೆ ಹದಿಮೂರು ಚಿಲ್ಲರೆ. ಒಟ್ಟು 43. ಮೊದಲ ಊನ ಕಸಿದ ಮೇಲೆ ಉಳಿದ ಶಕ್ತಿಯಲ್ಲಿ ಎರಡನೆಯದು ಎಷ್ಟನ್ನು ಕಸಿಯಿತು ಎಂಬುದು ಇದರ ಹಿಂದಿನ ಯೋಚನೆ. ಐವತ್ತು ಸಿಗಲಿಲ್ಲ, ನಿಜ. ಆದರೆ ಬಿಡಿಯಾಗಿ ಎರಡೂ ನಲವತ್ತು ಮುಟ್ಟದಿದ್ದವರು ಜೋಡಿಯಾಗಿ ದಾಟಿದರು! ಅದಕ್ಕೇ ಅರ್ಜಿಯಲ್ಲಿ ಕೈಯೊಂದನ್ನೇ ಬರೆದು ಸುಮ್ಮನಾಗಬಾರದು. ಕಿವಿ ಮಂದವಿದ್ದರೆ ಅದನ್ನೂ ಬರೆಯಬೇಕು, ಅದರ ಪರೀಕ್ಷೆಯನ್ನೂ ಮಾಡಿಸಬೇಕು.

ಊನವನ್ನು ಅಳೆಯುವ ವೈದ್ಯರ ಮೆಡಿಕಲ್ ಬೋರ್ಡಿನ ಮುಂದೆ ಹೋಗುವ ದಿನದ ಬಗ್ಗೆ ನಾನು ಕಲಿತದ್ದು ನನ್ನ ಸೋದರತ್ತೆಯಿಂದ. ಆಲೆಮನೆಯಲ್ಲಿ ಕಬ್ಬು ಕೊಡುವಾಗ ಗಾಣಕ್ಕೆ ಬಲಗೈ ಸಿಕ್ಕಿತ್ತು. ಕೈ ಉಳಿಯಿತು, ಬೆರಳು ಮಡಚುವುದು ನಿಂತಿತು, ತೋಳು ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಅವರನ್ನು ಕರೆದುಕೊಂಡು ಹೋದಾಗ ವೈದ್ಯರು ಒಳ್ಳೆಯ ಮಾತಿನಲ್ಲೇ ಕೇಳಿದರು, "ಜಡೆ ನೀವೇ ಹಾಕ್ಕೊಳ್ತೀರೇನಮ್ಮ?" ಅತ್ತೆ ಸೆರಗು ಸರಿಮಾಡಿಕೊಂಡು "ಹೂಂ ಸ್ವಾಮಿ, ಹಾಕ್ಕೋತೀನಿ" ಎಂದುಬಿಟ್ಟರು. ಅವರ ತಲೆ ಬಾಚುವುದು, ಕುಪ್ಪಸದ ಗುಂಡಿ ಹಾಕುವುದು ಎರಡು ವರ್ಷದಿಂದ ಮಗಳು. ಹತ್ತು ಜನರ ಮುಂದೆ ಅದನ್ನು ಹೇಳಿಕೊಳ್ಳಲು ಅತ್ತೆಗೆ ನಾಚಿಕೆ.

ಅದು ಲೋಕಾಭಿರಾಮದ ಪ್ರಶ್ನೆಯಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಕೈಯನ್ನು ಅಳೆಯುವಾಗ ಕೀಲು ಎಷ್ಟು ಆಡುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದರ ಜೊತೆಗೆ ದಿನನಿತ್ಯದ ಹತ್ತು ಕೆಲಸಗಳನ್ನು ನೋಡುತ್ತಾರೆ. ತಲೆಯ ಮೇಲಿನ ವಸ್ತುವನ್ನು ಎತ್ತುವುದು, ಮೂಗು ಮುಟ್ಟುವುದು, ಕೈಯಿಂದ ಊಟ ಮಾಡುವುದು, ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಶೌಚದ ನಂತರ ತೊಳೆದುಕೊಳ್ಳುವುದು, ಲೋಟ ಎತ್ತಿ ನೀರು ಕುಡಿಯುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು. ಒಂದೊಂದಕ್ಕೂ ಶೇ 9. ನಾಚಿಕೆಯಿಂದ ಬಾಯಿಗೆ ಬಂದ ಒಂದು "ಹೂಂ" ಆ ಪಟ್ಟಿಯಲ್ಲಿ ಒಂದು ಸಾಲನ್ನು ಅಳಿಸುತ್ತದೆ.

ಪುಣ್ಯಕ್ಕೆ ಮಗಳು ಬಾಯಿ ಹಾಕಿದಳು. "ಇಲ್ಲ ಸಾರ್, ಅವ್ವಂಗೆ ನಾನೇ ಹಾಕೋದು." ವೈದ್ಯರು ಬಾಚಣಿಗೆ ಹಿಡಿದು ತೋರಿಸುವಂತೆ ಹೇಳಿದರು. ತೋಳು ಕಿವಿಯವರೆಗೂ ಹೋಗಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು.

ನನ್ನ ವಿನಂತಿ ಇಷ್ಟೆ. ಬೋರ್ಡಿನ ಮುಂದೆ ಇರುವುದನ್ನು ಇದ್ದಂತೆ ಹೇಳಿ. ಹೆಚ್ಚು ಮಾಡಿ ಹೇಳಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದೆಂದು ಕಾಯ್ದೆಯಲ್ಲಿದೆ. ಆದರೆ ನಾನು ಕಂಡದ್ದು ಕಡಿಮೆ ಮಾಡಿ ಹೇಳುವವರನ್ನೇ, ಅದರಲ್ಲೂ ಹೆಂಗಸರನ್ನು, ಬುದ್ಧಿಮಾಂದ್ಯ ಮಕ್ಕಳ ತಾಯಂದಿರನ್ನು. ಮಗುವಿನ ಮೇಲಿನ ಅಕ್ಕರೆಗೆ "ಎಲ್ಲಾ ತಾನೇ ಮಾಡ್ಕೊಳ್ತದೆ" ಎಂದುಬಿಡುತ್ತಾರೆ. ಯಾವ ಕೆಲಸಕ್ಕೆ ಯಾರ ಸಹಾಯ ಬೇಕು ಎಂದು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ದಿನವೂ ನೋಡಿಕೊಳ್ಳುವವರನ್ನೇ ಜೊತೆಗೆ ಕರೆದೊಯ್ಯಿರಿ.

2024ರಲ್ಲಿ ತಿದ್ದುಪಡಿಯಾದ ನಿಯಮದಂತೆ ಅರ್ಜಿ ಕೊಟ್ಟ ಮೂರು ತಿಂಗಳೊಳಗೆ ಪ್ರಮಾಣಪತ್ರ ಬರಬೇಕು. ಮೊದಲು ಒಂದೇ ತಿಂಗಳಿತ್ತು. ಎರಡು ವರ್ಷ ದಾಟಿಯೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಹೊಸದಾಗಿ ಹಾಕಬೇಕು. ತಡ ಮಾಡಿದ್ದು ಕಚೇರಿ, ಮತ್ತೆ ಅಲೆಯುವುದು ಅರ್ಜಿದಾರ. ಇದು ನ್ಯಾಯವಲ್ಲ. ಅದಕ್ಕೇ ಸ್ವೀಕೃತಿ ಸಂಖ್ಯೆಯನ್ನು ಜೋಪಾನ ಮಾಡಿ, ತಿಂಗಳಿಗೊಮ್ಮೆ ವಿಚಾರಿಸುತ್ತಿರಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು.

ಬಿಳಿ ಕಾರ್ಡು ಬಂದವರು ಅದನ್ನು ಹರಿದು ಎಸೆಯಬೇಡಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಯುಪಿಎಸ್‌ಸಿ ಪರೀಕ್ಷೆಗೆ ಲಿಪಿಕಾರನನ್ನು ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 2021ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅವರ ಪರ ನಿಂತು, ಲಿಪಿಕಾರನ ನೆರವಿಗೆ ಶೇ 40 ಇರಲೇಬೇಕೆಂದಿಲ್ಲ ಎಂದಿತು. ಮೀಸಲಾತಿಗೆ ನಲವತ್ತರ ಗೆರೆ ಉಂಟು. ಪರೀಕ್ಷೆಯಲ್ಲಿ, ಕೆಲಸದಲ್ಲಿ ನ್ಯಾಯವಾದ ಅನುಕೂಲ ಕೇಳುವುದಕ್ಕೆ ಆ ಗೆರೆ ಅಡ್ಡ ಬರಬಾರದು.

ಎರಡನೆಯ ಬಾಗಿಲು ನಾಡಕಚೇರಿಯದು. ಯುಡಿಐಡಿ ಕಾರ್ಡು, ಆದಾಯ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಇಟ್ಟು ಮಾಸಾಶನಕ್ಕೆ ಅರ್ಜಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿ (ಮೊದಲು ಗ್ರಾಮ ಲೆಕ್ಕಿಗ ಎನ್ನುತ್ತಿದ್ದೆವು) ಪರಿಶೀಲಿಸಿ ಮೇಲಕ್ಕೆ ಕಳಿಸುತ್ತಾರೆ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಇಬ್ಬರು ಕೂಲಿಗೆ ಹೋಗುವ ಮನೆಯಲ್ಲಿ ಕೆಲವೇ ತಿಂಗಳ ದುಡಿಮೆ ಈ ಮಿತಿಯನ್ನು ದಾಟುತ್ತದೆ. ಮಿತಿ ಏರಲೇಬೇಕು. ಸಕಾಲದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿರುವ ಹದಿನೈದು ಅಂಕಿಗಳಿಂದಲೇ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ತಿಳಿಯುವುದು.

2021ರ ಜುಲೈನಲ್ಲಿ ಘೋಷಿಸಿದಂತೆ ಶೇ 40ರಿಂದ 75ರೊಳಗಿನವರಿಗೆ ತಿಂಗಳಿಗೆ 600 ಇದ್ದದ್ದು 800 ರೂಪಾಯಿ ಆಯಿತು. ಶೇ 75 ದಾಟಿದವರಿಗೆ 1,400 ಇದೆ. ಅದೇ ಘೋಷಣೆಯಲ್ಲಿ 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ 1,000ದಿಂದ 1,200ಕ್ಕೆ ಏರಿತು. ಪಿಂಚಣಿ ಒಬ್ಬರಿಗೆ ಒಂದೇ. ಹಾಗಾಗಿ ವಯಸ್ಸು 65 ದಾಟಿದ, ಶೇ 50 ಊನವಿರುವ ಬಡವರು ಎರಡನ್ನೂ ಹೋಲಿಸಿ ನೋಡಿಯೇ ಅರ್ಜಿ ಹಾಕಬೇಕು. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ವಿಕಲಚೇತನರಿಗೆ ಕೊಡುವ ನೆರವು ಇತರರ ಅದೇ ಬಗೆಯ ನೆರವಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು 2016ರ ಕಾಯ್ದೆಯ 24ನೇ ಕಲಮು ಹೇಳುತ್ತದೆ. 800 ರೂಪಾಯಿಯನ್ನು 1,200ರ ಪಕ್ಕ ಇಟ್ಟು ನೋಡಿ. ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಎತ್ತುವ ಹಕ್ಕು ಎಲ್ಲರಿಗೂ ಇದೆ.

ಉಳಿದವಕ್ಕೂ ಬಿಡಿ ಬಿಡಿ ಅರ್ಜಿ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ರೈಲು ರಿಯಾಯಿತಿಯನ್ನು ರೈಲ್ವೆಯ ಬಳಿಯೇ ಕೇಳಬೇಕು. ವಿಕಲಚೇತನರಿಗೆಂದು ಪಂಚಾಯಿತಿ ಮೀಸಲಿಡುವ ಶೇ 5ರ ನಿಧಿಯಲ್ಲಿ ಏನು ಖರ್ಚಾಗಿದೆ ಎಂದು ಪಿಡಿಒ ಅವರನ್ನು ಕೇಳಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ವೈಕಲ್ಯವಿರುವವರಿಗೆ ನಿರಾಮಯ ಎಂಬ ಒಂದು ಲಕ್ಷದವರೆಗಿನ ಆರೋಗ್ಯ ವಿಮೆಯಿದೆ. ಅಂಥ ಮಕ್ಕಳಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಆ ಹಕ್ಕನ್ನು ಪಡೆಯಬೇಕು. ಬ್ಯಾಂಕಿನಲ್ಲೋ ಆಸ್ತಿ ಪತ್ರದಲ್ಲೋ ತೊಡಕು ಬಂದ ದಿನ ಇದು ತಿಳಿದರೆ ತಡವಾಗಿರುತ್ತದೆ.

ಅತ್ತೆಗೆ ಹಳದಿ ಕಾರ್ಡು ಬಂತು. ಪಿಂಚಣಿ ಮಂಜೂರಾದ ಮೇಲೂ ಎರಡು ತಿಂಗಳು ಹಣ ಬರಲಿಲ್ಲ, ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಈಗ ಬರುತ್ತಿದೆ. ಕಾರ್ಡು, ಮಂಜೂರಾತಿ ಆದೇಶ, ಆಸ್ಪತ್ರೆಯ ಚೀಟಿಗಳು ಎಲ್ಲವೂ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಟ್ರಂಕಿನೊಳಗಿವೆ. ಮೊನ್ನೆ ಪಕ್ಕದ ಬೀದಿಯ ಹುಡುಗನೊಬ್ಬನ ತಾಯಿ ಬೋರ್ಡಿಗೆ ಹೋಗಬೇಕೆಂದು ಕೇಳಿಕೊಂಡು ಬಂದಿದ್ದರು. ಅತ್ತೆ ಎಡಗೈಯಲ್ಲಿ ಕವರನ್ನು ಬಿಚ್ಚಿ, ಒಂದೊಂದೇ ಕಾಗದ ತೋರಿಸಿ, ಕೊನೆಗೆ ಹೇಳಿದರು: "ಅಲ್ಲಿ ನಾಚ್ಕೋಬ್ಯಾಡ ಕಣವ್ವ. ಅವನಿಗೆ ಯಾರು ಉಣ್ಣಿಸ್ತಾರೆ ಅಂತ ಕೇಳಿದ್ರೆ, ನಾನೇ ಅಂತ ಹೇಳು."