ಬೇಗಂಪೇಟೆಯ ಡಕೋಟಾ ದಿನಗಳು

ಆಲ್ಬಂಗಳಲ್ಲಿ ಉಳಿದ ಹಳೆಯ ವಿಮಾನಗಳ ಹೆಸರು, ದಿನಾಂಕ ಬರೆದಿಡಲು ಇದೇ ಸಮಯ

ಹೈದರಾಬಾದ್: ಭಾಗ್ಯನಗರದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹಳೆಯ ಆಲ್ಬಂ ತೆರೆದರೆ ಒಂದು ಬಗೆಯ ಚಿತ್ರ ಸಿಗುವುದುಂಟು. ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಏಣಿಯ ಬಳಿ ನಿಂತ ಕುಟುಂಬ, ಯಾರದೋ ಕೊರಳಲ್ಲಿ ಹಾರ, ಹಿಂದೆ ಬೆಳ್ಳಿ ಬಣ್ಣದ ವಿಮಾನದ ಒಂದು ರೆಕ್ಕೆ. ಹಾರ ಹಾಕಿಕೊಂಡವರು ಯಾರೆಂದು ಮನೆಯವರಿಗೆ ಗೊತ್ತು. ವಿಮಾನ ಯಾವುದು, ವರ್ಷ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

2008ರ ಮಾರ್ಚ್ 23ರಂದು ನಾಗರಿಕ ವಿಮಾನಗಳು ಶಂಷಾಬಾದ್‌ಗೆ ಸ್ಥಳಾಂತರಗೊಂಡವು. ಆನಂತರ ಹುಟ್ಟಿದ ಮಕ್ಕಳಿಗೆ ಬೇಗಂಪೇಟೆ ಎಂದರೆ ಫ್ಲೈಓವರ್, ಮೆಟ್ರೊ ಮತ್ತು ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನ. ಆದರೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಿಂದಿನ ತಲೆಮಾರಿಗೆ ಅದು ಪರರಾಜ್ಯದ ನಿಲ್ದಾಣವಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಅದು ಅವರದೇ ರಾಜ್ಯದ ರಾಜಧಾನಿಯ ವಿಮಾನ ನಿಲ್ದಾಣ.

ಬಳ್ಳಾರಿಯಲ್ಲಿ ತಂಗಿದ ಟಪಾಲು

ದಕ್ಷಿಣದ ವಿಮಾನಯಾನದ ಕಥೆ ಶುರುವಾಗುವುದೇ ಕನ್ನಡ ನೆಲದಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂದೇ ಎಂಜಿನ್‌ನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಟಪಾಲು ಹೊತ್ತು ಹೊರಟು, ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹು ತಲುಪಿದರು. ಅಹಮದಾಬಾದ್‌ನಲ್ಲಿ ಅದಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ. ಜುಹುವಿನಿಂದ ಮುಂದಕ್ಕೆ ಟಪಾಲು ಒಯ್ದವರು ಅವರ ಜತೆಗಾರ ನೆವಿಲ್ ವಿನ್ಸೆಂಟ್. ಆ ರಾತ್ರಿ ಅವರು ತಂಗಿದ್ದು ಬಳ್ಳಾರಿಯಲ್ಲಿ. ಮರುದಿನ ಮದರಾಸು ಮುಟ್ಟಿದರು. ಏರ್ ಇಂಡಿಯಾದ ಮೂಲವಾದ ಈ ಸೇವೆಯ ಮೊದಲ ರಾತ್ರಿಯ ತಂಗುದಾಣ ಬಳ್ಳಾರಿ ಎಂಬುದು ಆ ಜಿಲ್ಲೆಯವರಿಗೇ ಅನೇಕರಿಗೆ ತಿಳಿಯದು.

ಮೂವತ್ತರ ದಶಕದಲ್ಲೇ ಈ ಮಾರ್ಗ ಬಳ್ಳಾರಿ ಬಿಟ್ಟು ಹೈದರಾಬಾದ್ ಮೂಲಕ ಸಾಗತೊಡಗಿತು. ಅದೇ ಸಮಯಕ್ಕೆ ಬೇಗಂಪೇಟೆಯಲ್ಲಿ ಹೈದರಾಬಾದ್ ಏರೊ ಕ್ಲಬ್ ತಲೆಯೆತ್ತಿತು. ನಿಜಾಮರ ಸೊಸೆ ರಾಜಕುಮಾರಿ ದುರ್ರು ಶೆಹವಾರ್ 1936ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಮರುವರ್ಷ ಟರ್ಮಿನಲ್ ಕಟ್ಟಡ ಎದ್ದಿತು. ಮೈದಾನದ ಉತ್ತರ ದಿಕ್ಕಿನಲ್ಲಿದ್ದ ಆ ಕಟ್ಟಡವೇ ಊರವರ ಬಾಯಲ್ಲಿ ‘ಹಳೇ ಏರ್‌ಪೋರ್ಟ್’ ಆಯಿತು. ದಕ್ಷಿಣ ದಿಕ್ಕಿನ ಟರ್ಮಿನಲ್ ಬಂದದ್ದು 1972ರಲ್ಲಿ.

ನಿಜಾಮರ ಡೆಕ್ಕನ್ ಏರ್‌ವೇಸ್

ಎರಡನೇ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ದೇಶದ ತುಂಬ ಹೊಸ ವಿಮಾನ ಕಂಪನಿಗಳು ಹುಟ್ಟಿಕೊಂಡವು. ನಿಜಾಮ್ ಸರ್ಕಾರ ಮತ್ತು ಟಾಟಾ ಕೂಡಿ 1945ರಲ್ಲಿ ಕಟ್ಟಿದ ಡೆಕ್ಕನ್ ಏರ್‌ವೇಸ್ ಅವುಗಳಲ್ಲೊಂದು. ಬೇಗಂಪೇಟೆಯೇ ಅದರ ಮನೆ. ದೆಹಲಿ, ನಾಗಪುರ, ಹೈದರಾಬಾದ್, ಬೆಂಗಳೂರು, ಮದರಾಸುಗಳನ್ನು ಅದು ಬೆಸೆಯಿತು. ಭಾರತದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಪ್ರೇಮ್ ಮಾಥುರ್ ಅವರಿಗೆ ಕೆಲಸ ಕೊಟ್ಟದ್ದೂ ಇದೇ ಕಂಪನಿ.

ಇಲ್ಲೂ ಕನ್ನಡ ನಾಡಿನ ನಂಟುಂಟು. ಯುದ್ಧದ ಡಕೋಟಾಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಪ್ರಯಾಣಿಕರ ಸೀಟು ಹಾಕಿ ನಾಗರಿಕ ವಿಮಾನಗಳನ್ನಾಗಿಸುವ ಕೆಲಸ ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಡೆಯುತ್ತಿತ್ತು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆ ಇಂದಿನ ಎಚ್‌ಎಎಲ್. ಅಲ್ಲಿನ ಕನ್ನಡಿಗ ಕೆಲಸಗಾರರ ಕೈ ಹಾಯ್ದ ಡಕೋಟಾಗಳು ದೇಶದ ಹಲವು ಕಂಪನಿಗಳಲ್ಲಿ ಹಾರಿದವು.

1953ರ ಆಗಸ್ಟ್ 1ರಂದು ರಾಷ್ಟ್ರೀಕರಣವಾಗಿ, ಡೆಕ್ಕನ್ ಏರ್‌ವೇಸ್ ಸೇರಿ ಎಂಟು ಕಂಪನಿಗಳು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನಗೊಂಡವು. ಅರ್ಧ ಶತಮಾನದ ಬಳಿಕ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಹಾರಾಟ ಶುರು ಮಾಡಿದಾಗ, ಇದು ಆ ಹಳೆಯ ಕಂಪನಿಯೇ ಎಂದು ಭಾವಿಸಿದ ಹಿರಿಯರಿದ್ದರೆ ಆಶ್ಚರ್ಯವಿಲ್ಲ. ಹೆಸರಿನ ಸಾಮ್ಯ ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಬೀದರ್‌ಗೆ ಬಂದ ರಾತ್ರಿ ವಿಮಾನಗಳು

ಹಳೆಯ ನಾಗರಿಕ ವಿಮಾನಗಳ ನೆನಪೆಲ್ಲ ಹಾರ, ಬೀಳ್ಕೊಡುಗೆಗಳದ್ದಲ್ಲ. 1948ರಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ದಿಗ್ಬಂಧನ ಇದ್ದಾಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಲಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ನಿಜಾಮರಿಗೆ ಶಸ್ತ್ರಾಸ್ತ್ರ ಸಾಗಿಸಿದ. ಲಂಕಾಸ್ಟರ್ ಬಾಂಬರ್ ಅನ್ನು ಪ್ರಯಾಣಿಕ ವಿಮಾನವಾಗಿ ಮಾರ್ಪಡಿಸಿದ ನಾಲ್ಕು ಎಂಜಿನ್‌ಗಳ ವಿಮಾನ ಅದು. ಅವು ಕತ್ತಲಲ್ಲಿ ಬಂದಿಳಿದ ಮೈದಾನಗಳಲ್ಲಿ ವಾರಂಗಲ್ ಜತೆಗೆ ಬೀದರ್ ಕೂಡ ಇತ್ತು. ರಜಾಕಾರರ ಹಾವಳಿಯ ಆ ದಿನಗಳಲ್ಲಿ ರಾತ್ರಿ ಕೇಳಿದ ವಿಮಾನದ ಸದ್ದು ಗಡಿಭಾಗದ ಜನರಿಗೆ ಮೋಜಿನ ಸಂಗತಿಯಾಗಿರಲಿಲ್ಲ. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಅಧ್ಯಾಯ ಮುಗಿಯಿತು.

ಬೀದರ್ ಮೈದಾನ ಮುಂದೆ ವಾಯುಪಡೆಯ ತರಬೇತಿ ನೆಲೆಯಾಯಿತು. ಅಲ್ಲಿಂದ ಬೆಂಗಳೂರಿಗೆ ನಾಗರಿಕ ವಿಮಾನ ಹಾರಿದ್ದು 2020ರ ಫೆಬ್ರುವರಿಯಲ್ಲಿ. ಕಲಬುರಗಿ ನಿಲ್ದಾಣ ತೆರೆದದ್ದು 2019ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ವಿಮಾನ ಹತ್ತಬೇಕಾದರೆ ಈ ಭಾಗದವರು ಬಸ್ಸು, ರೈಲು ಹಿಡಿದು ಹೈದರಾಬಾದ್‌ಗೇ ಬರಬೇಕಿತ್ತು.

ಚಿತ್ರದಲ್ಲಿರುವುದು ಯಾವ ವಿಮಾನ?

ಆಲ್ಬಂನ ವಿಮಾನ ಗುರುತಿಸುವುದು ಕಷ್ಟವಲ್ಲ. ನಿಂತ ವಿಮಾನದ ಮೂತಿ ಆಕಾಶಕ್ಕೆ ಎತ್ತಿ, ಬಾಲ ನೆಲಕ್ಕೆ ಹತ್ತಿರವಿದ್ದರೆ ಅದು ಡಕೋಟಾ. ಅದರ ಚಿಕ್ಕ ಚಕ್ರ ಇರುವುದು ಬಾಲದಡಿಯಲ್ಲಿ. ಹಿಂಬದಿಯ ಬಾಗಿಲಿನಿಂದ ಹತ್ತಿದವರು ಗುಡ್ಡ ಏರುವಂತೆ ನಡೆದು ಸೀಟು ಸೇರಬೇಕಿತ್ತು. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಎತ್ತರಕ್ಕೆ ಹಾರುವಂತಿರಲಿಲ್ಲ; ಮೋಡದ ಕುಲುಕಾಟವೆಲ್ಲ ಪ್ರಯಾಣಿಕರ ಪಾಲಿಗೆ. ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮಿಂಟ್ ಹಂಚುತ್ತಿದ್ದುದನ್ನು ಆ ಕಾಲದಲ್ಲಿ ಪ್ರಯಾಣಿಸಿದವರು ಇಂದಿಗೂ ನೆನೆಯುತ್ತಾರೆ. ಬೆಂಗಳೂರು ತಲುಪಲು ಸುಮಾರು ಎರಡು ತಾಸು. ಮಂಗಳೂರಿನ ಬಜಪೆ ನಿಲ್ದಾಣವನ್ನು 1951ರ ಡಿಸೆಂಬರ್ 25ರಂದು ಉದ್ಘಾಟಿಸಲು ನೆಹರೂ ಬಂದಿಳಿದದ್ದೂ ಡಕೋಟಾದಲ್ಲೇ.

ರೆಕ್ಕೆ ಪ್ರಯಾಣಿಕರ ತಲೆಯ ಮೇಲಿದ್ದು, ಎರಡು ಎಂಜಿನ್ ಅದರಡಿ ತೂಗುತ್ತಿದ್ದರೆ ಅದು ಫೋಕರ್ ಫ್ರೆಂಡ್‌ಶಿಪ್. ಇಂಡಿಯನ್ ಏರ್‌ಲೈನ್ಸ್‌ಗೆ ಅದು ಬಂದದ್ದು 1961ರಲ್ಲಿ. ರೆಕ್ಕೆ ಕಿಟಕಿಗಳ ಕೆಳಗಿದ್ದು, ಎಂಜಿನ್ ರೆಕ್ಕೆಯ ಮೇಲೆ ಕುಳಿತಂತೆ ಕಂಡರೆ ಅವ್ರೊ. ಇದನ್ನು ಕಾನ್ಪುರದಲ್ಲಿ ಜೋಡಿಸುತ್ತಿದ್ದರು. ಅಲ್ಲಿನ ಮೊದಲ ವಿಮಾನ ಹಾರಿದ್ದು 1961ರಲ್ಲಿ. 1981ರ ಆಗಸ್ಟ್‌ನಲ್ಲಿ ಬಜಪೆಯಲ್ಲಿ ರನ್‌ವೇ ದಾಟಿ ಹೋದದ್ದು ಇಂಥದೇ ಅವ್ರೊ. ಅದೃಷ್ಟವಶಾತ್ ಯಾರ ಪ್ರಾಣವೂ ಹೋಗಲಿಲ್ಲ. ನಾಲ್ಕು ಎಂಜಿನ್, ದೊಡ್ಡ ಮೊಟ್ಟೆಯಾಕಾರದ ಕಿಟಕಿಗಳಿದ್ದರೆ ಅದು ವೈಕೌಂಟ್. ಈ ಮೂರಕ್ಕೂ ಇದ್ದದ್ದು ರೋಲ್ಸ್ ರಾಯ್ಸ್ ಕಂಪನಿಯ ಡಾರ್ಟ್ ಎಂಜಿನ್. ಅದರ ಕೀರಲು ಸದ್ದು ಕೇಳಿದ ಹವ್ಯಾಸಿಗಳು ತಲೆಯೆತ್ತಿ ನೋಡದೆಯೇ ಅದು ಡಕೋಟಾ ಅಲ್ಲ ಎಂದು ಹೇಳುತ್ತಿದ್ದರು.

ಬಟ್ಟೆ ಹೊದಿಸಿದ ಮೈ, ಒಂದೇ ಎಂಜಿನ್, ಮೇಲೆ ರೆಕ್ಕೆ, ಅಕ್ಕಪಕ್ಕ ಇಬ್ಬರಿಗೆ ಜಾಗ ಇದ್ದರೆ ಅದು ಬಹುಶಃ ಪುಷ್ಪಕ. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ವಿಮಾನ ಮೊದಲು ಹಾರಿದ್ದು 1958ರಲ್ಲಿ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದಿಡೀ ತಲೆಮಾರಿನ ಪೈಲಟ್‌ಗಳು ಇದರಲ್ಲೇ ಹಾರಾಟ ಕಲಿತರು.

ಬರೆದಿಡುವ ಕೆಲಸ ಯಾರದು?

ವಿಮಾನಗಳು ಗುಜರಿಗೆ ಹೋದವು. ಅಪರೂಪಕ್ಕೆ ಒಂದೆರಡು ಉಳಿದಿವೆ. ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟ ‘ಪರಶುರಾಮ’ ಎಂಬ ಡಕೋಟಾ 2018ರಲ್ಲಿ ಹಾರಿಕೊಂಡೇ ದೇಶಕ್ಕೆ ಮರಳಿತು. ಡಕೋಟಾ ಪೈಲಟ್ ಆಗಿದ್ದ ತಂದೆಯ ಗೌರವಾರ್ಥ ಕೊಟ್ಟ ಕಾಣಿಕೆ ಅದು.

ಅಂಥ ಕಾಣಿಕೆ ಎಲ್ಲರಿಗೂ ಆಗುವ ಮಾತಲ್ಲ. ಆದರೆ ಬೇಗಂಪೇಟೆಯ ಹ್ಯಾಂಗರ್, ಟಿಕೆಟ್ ಕೌಂಟರ್, ಕಂಟ್ರೋಲ್ ಟವರ್, ಕ್ಯಾಂಟೀನ್‌ಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಕನ್ನಡಿಗರ ನೆನಪನ್ನು ದಾಖಲಿಸಲು ದೊಡ್ಡ ಹಣ ಬೇಕಿಲ್ಲ. ಹಳೆಯ ಚಿತ್ರದಲ್ಲಿ ವಿಮಾನದ ಮೈಮೇಲಿನ ‘ವಿಟಿ’ ಮತ್ತು ಅದರ ಮುಂದಿನ ಮೂರು ಅಕ್ಷರ ಓದಲು ಬಂದರೆ ಸಾಕು. ಆ ವಿಮಾನ ಯಾವುದು, ಯಾರ ಕೈಯಲ್ಲಿತ್ತು ಎಂಬುದನ್ನು ನೋಂದಣಿ ದಾಖಲೆಗಳಿಂದ ಪತ್ತೆ ಹಚ್ಚಬಹುದು. ಚಿತ್ರದಲ್ಲಿರುವ ಮನುಷ್ಯರಿಗೆ ಮಾತ್ರ ನೋಂದಣಿ ಸಂಖ್ಯೆ ಇರುವುದಿಲ್ಲ. ಅವರನ್ನು ಬಲ್ಲವರೇ ಹೇಳಬೇಕು.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವೂ ಸೇರಿ ನಗರದ ಕನ್ನಡ ಸಂಸ್ಥೆಗಳು ರಾಜ್ಯೋತ್ಸವದ ಹೊತ್ತಿಗೆ ಇಂಥ ಚಿತ್ರಗಳನ್ನು ಒಂದೆಡೆ ಸೇರಿಸಿದರೆ, ಹಿರಿಯರನ್ನು ಕೂರಿಸಿ ಅವರ ಮಾತು ಧ್ವನಿಮುದ್ರಿಸಿಕೊಂಡರೆ ಒಂದು ಒಳ್ಳೆಯ ಪ್ರದರ್ಶನವಾದೀತು. ಮನೆಯಲ್ಲಿ ಅಂಥ ಆಲ್ಬಂ ಇರುವ ಸದಸ್ಯರು ಮೊದಲು ಮಾಡಬೇಕಾದ ಕೆಲಸ ಇನ್ನೂ ಸಣ್ಣದು: ಅಜ್ಜ ಅಜ್ಜಿಯರನ್ನು ಕೇಳಿ, ಚಿತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹೆಸರು, ಊರು, ವರ್ಷ ಬರೆದಿಡುವುದು.