ದುರ್ಯೋಧನ ನಾಯಕನೋ, ಖಳನೋ?

ಪ್ರಶ್ನೆ: ಕಾಲೇಜಿನಲ್ಲಿ ‘ಮ್ಯಾಕ್‌ಬೆತ್’ ಪಾಠ ನಡೆಯುತ್ತಿದೆ. ಸಿಂಹಾಸನಕ್ಕಾಗಿ ಕೊಲೆ ಮಾಡಿದವನನ್ನು ದುರಂತನಾಯಕ ಎನ್ನುವುದು ಸರಿಯೇ? ಕನ್ನಡದಲ್ಲೂ ಇಂಥ ಪಾತ್ರ ಇದೆಯೇ?
– ಓದುಗರು, ಬೆನ್ಸನ್ ಟೌನ್, ಬೆಂಗಳೂರು

ಉತ್ತರ: ಸರಿಯೇ. ಕನ್ನಡದಲ್ಲಿ ರನ್ನನ ‘ಗದಾಯುದ್ಧ’ದ ದುರ್ಯೋಧನ ಇದ್ದಾನೆ. ಸುಮಾರು ಸಾವಿರ ವರ್ಷದ ಹಿಂದೆ ರನ್ನ ಕಥಾನಾಯಕನಾಗಿ ಆರಿಸಿಕೊಂಡದ್ದು ಭೀಮನನ್ನು. ತನ್ನ ಆಶ್ರಯದಾತ, ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಅವನೊಡನೆ ಸಮೀಕರಿಸಿದ. ಆದರೂ ಓದುವವರ ಮನಸ್ಸು ಕೌರವನ ಕಡೆಗೇ ವಾಲುತ್ತದೆ.

ಕಾರಣ ರಣರಂಗದ ದೃಶ್ಯ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಒಬ್ಬೊಬ್ಬರನ್ನು ಕಂಡಾಗಲೂ ಗೋಳಾಡುತ್ತಾನೆ. ಅಲ್ಲೇ ಅಭಿಮನ್ಯುವಿನ ಹೆಣವೂ ಬಿದ್ದಿದೆ. ಶತ್ರುವಿನ ಮಗನೆಂದು ಹೀಗಳೆಯದೆ ಅವನ ಪರಾಕ್ರಮವನ್ನು ಹೊಗಳಿ, ತನಗೂ ಅಂಥ ವೀರಮರಣವೇ ಬರಲಿ ಎಂದು ಬಯಸುತ್ತಾನೆ. ಬಿ.ಎಂ.ಶ್ರೀ. ಇದೇ ಕಾವ್ಯದಿಂದ 1926ರಲ್ಲಿ ‘ಗದಾಯುದ್ಧ ನಾಟಕಂ’ ರೂಪಿಸಿ ಅವನ ದುರಂತವನ್ನು ರಂಗಕ್ಕೆ ತಂದರು.

ಹಾಗೆಂದು ದ್ರೌಪದಿಗೆ ಮಾಡಿದ ಅವಮಾನ ತೊಳೆದುಹೋಗುವುದಿಲ್ಲ. ದುರಂತನಾಯಕ ಸಜ್ಜನನಾಗಿರಬೇಕು ಎಂಬ ನಿಯಮವೇನೂ ಇಲ್ಲ. ಅಪ್ಪಟ ದುಷ್ಟನ ಪತನ ನಮ್ಮಲ್ಲಿ ಕರುಣೆಯನ್ನಾಗಲಿ ಭಯವನ್ನಾಗಲಿ ಹುಟ್ಟಿಸದು ಎಂದಷ್ಟೇ ಅರಿಸ್ಟಾಟಲ್ ಹೇಳಿದ್ದು. ‘ಒಥೆಲೊ’ದ ಇಯಾಗೊ ಖಳ, ಅವನಿಗೆ ಪಶ್ಚಾತ್ತಾಪವಿಲ್ಲ. ಮ್ಯಾಕ್‌ಬೆತ್‌ಗಾದರೋ ಡಂಕನ್‌ನನ್ನು ಕೊಲ್ಲುವ ಮೊದಲೇ ಗಾಳಿಯಲ್ಲಿ ಕಠಾರಿ ಕಾಣಿಸುತ್ತದೆ, ಕೊಂದ ಮೇಲೆ ನಿದ್ದೆ ಹಾರಿಹೋಗುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಅವನ ಅಪರಾಧವನ್ನು ಮುಚ್ಚಿಡಬೇಡಿ. ಅದರ ಜೊತೆಗೇ ಈ ತಳಮಳವನ್ನೂ ಆಧಾರವಾಗಿ ಬರೆಯಿರಿ.