ಮರಿಗೆ ಕಾವು ಬೇಕು, ಗೂಡಿಗಲ್ಲ

ಡಿಸೆಂಬರ್ ಚಳಿಯಲ್ಲಿ ಹಿತ್ತಿಲ ಗೂಡಿನ ಕೋಳಿಮರಿಗಳಿಗೆ ಎಷ್ಟು ವಾಟ್‌ನ ಬಲ್ಬ್ ಹಾಕಬೇಕು ಎಂದು ಮಲೆನಾಡಿನ ಓದುಗರೊಬ್ಬರು ಕೇಳಿದ್ದಾರೆ. ವಾಟ್‌ಗಿಂತ ಮುಖ್ಯವಾದದ್ದು ಬಲ್ಬನ್ನು ಎಲ್ಲಿ ತೂಗುಹಾಕುತ್ತೀರಿ ಎಂಬುದು.

ಆಗತಾನೇ ಮೊಟ್ಟೆಯೊಡೆದು ಬಂದ ಮರಿ ಸುಮಾರು 40 ಗ್ರಾಂ ತೂಗುತ್ತದೆ. ಹಂಡೆಯ ನೀರಿಗಿಂತ ಲೋಟದ ನೀರು ಬೇಗ ಆರುವಂತೆ, ಅಷ್ಟು ಪುಟ್ಟ ಮೈ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಮೈಮೇಲಿನ ತುಪ್ಪುಳ ಒದ್ದೆಯಾದರಂತೂ ಚಳಿ ತಡೆಯುವುದಿಲ್ಲ. ಹಾಗಾಗಿ ಮೊದಲ ವಾರ ಮರಿಯಿರುವ ಜಾಗದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಬಹುದು. ಗರಿ ತುಂಬಿಕೊಳ್ಳಲು ನಾಲ್ಕಾರು ವಾರ ಬೇಕು.

ಆದರೆ ಹೇಂಟೆ ಇಡೀ ಹಿತ್ತಿಲನ್ನು ಬೆಚ್ಚಗಿಡುವುದಿಲ್ಲ. ಮರಿಗಳು ತಣ್ಣನೆಯ ನೆಲ ಕೆದರಿ, ಹುಳ ಹೆಕ್ಕಿ, ಚಳಿಯೆನಿಸಿದಾಗ ಅದರ ರೆಕ್ಕೆಯಡಿಗೆ ನುಗ್ಗುತ್ತವೆ. ಬೆಚ್ಚಗಾದ ಮೇಲೆ ಮತ್ತೆ ಹೊರಡುತ್ತವೆ.

ಇದನ್ನು ಗಮನಿಸಿ ಬಳಸಿಕೊಂಡವರು ಫ್ರಾನ್ಸಿನ ರೆಯೋಮ್ಯೂರ್. ಉಷ್ಣಮಾಪಕದ ಚರಿತ್ರೆಯಲ್ಲಿ ಹೆಸರಾದ, ನೀರು ಕುದಿಯುವ ಬಿಂದುವನ್ನು 80 ಎಂದು ಗುರುತಿಸುವ ಮಾಪಕ ಇವರ ಹೆಸರಿನದೇ. ಕುದುರೆ ಲದ್ದಿಯ ಬಿಸಿಯಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿದ ಅವರು, 1749ರಲ್ಲಿ ಆ ವಿದ್ಯೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ತಾಯಿಯಿಲ್ಲದ ಆ ಮರಿಗಳಿಗೆ ಅವರು ಮಾಡಿಕೊಟ್ಟದ್ದು ‘ಕೃತಕ ತಾಯಿ’: ಇಳಿಜಾರು ಮುಚ್ಚಳದ ತಗ್ಗು ಪೆಟ್ಟಿಗೆ, ಒಳಗೆ ಉಣ್ಣೆಯಿರುವ ಕುರಿಚರ್ಮದ ಹೊದಿಕೆ. ಮರಿ ಒಳಹೊಕ್ಕರೆ ಬೆನ್ನಿಗೆ ಉಣ್ಣೆ ತಾಗುತ್ತದೆ, ಸಾಕೆನಿಸಿದರೆ ಹೊರಬರುತ್ತದೆ. ಇಂದು ಮಾರಾಟವಾಗುವ, ಮರಿಗಳು ಅಡಿಯಲ್ಲಿ ನುಸುಳುವ ಬಿಸಿ ತಟ್ಟೆಗಳೂ ಮಾಡುವುದು ಇದನ್ನೇ. ಯಂತ್ರಕ್ಕಿಂತ ಮರಿಯ ಆಯ್ಕೆಯನ್ನು ನಂಬಿದ ಆ ಬುದ್ಧಿವಂತಿಕೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದ್ದರಿಂದ ಬಲ್ಬನ್ನು ಗೂಡಿನ ಒಂದು ತುದಿಗೆ ತೂಗುಹಾಕಿ, ಇನ್ನೊಂದು ತುದಿ ತಣ್ಣಗಿರಲಿ. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಗುಂಪುಗೂಡಿ ಚಿಲಿಗುಟ್ಟಿದರೆ ಕಾವು ಸಾಲದು. ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಹೆಚ್ಚಾಗಿದೆ. ಎಲ್ಲವೂ ಒಂದೇ ಮೂಲೆಗೆ ಸೇರಿದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ. ಸಮನಾಗಿ ಹರಡಿ ಮೇಯುತ್ತಿದ್ದರೆ ಸರಿಯಾಗಿದೆ.

ಭತ್ತದ ಹೊಟ್ಟು ಒಣಗಿರಲಿ. ಗಾಳಿ ಬೀಸುವ ಕಡೆಗೆ ಗೋಣಿತಾಟು ಕಟ್ಟಿ. ಆದರೆ ಸೂರಿನ ಹತ್ತಿರ ಸಂದು ಬಿಡಿ, ಇಲ್ಲವಾದರೆ ಹಿಕ್ಕೆಯ ಅಮೋನಿಯಾ ಒಳಗೇ ಉಳಿಯುತ್ತದೆ. ಮುಚ್ಚಿದ ಗೂಡಿನಲ್ಲಿ ಇದ್ದಿಲ ಕೆಂಡ ಮಾತ್ರ ಬೇಡ. ಅದರ ಕಾರ್ಬನ್ ಮಾನಾಕ್ಸೈಡ್ ಚಳಿಗಿಂತ ಬೇಗ ಮರಿಗಳನ್ನು ಕೊಲ್ಲುತ್ತದೆ.